ವಾಸ್ಕೋದ ಇಬ್ಬರು ಫಾತಿಮಾ

ಗೋವಾದ ವಾಸ್ಕೋ ಊರಿನ ನಮ್ಮ ಬಿಲ್ಡಿಂಗಿನಲ್ಲಿ ಇಬ್ಬರು ಫಾತಿಮಾ ಇದ್ದಾರೆ. ಮೇಲಿನ ಮನೆಯ ಫಾತಿಮಾ ಆಂಟಿ ಗೋವಾದ ಕ್ರೈಸ್ತರು. ಭಾನುವಾರ ತಪ್ಪದೆ ಪೂಜೆಗೆ ಹೋಗುತ್ತಾರೆ. ಕೆಳಗಿನ ಮನೆಯ ಫಾತಿಮಾ ಗದಗ ಕಡೆಯವಳು, ಮುಸ್ಲಿಂ. ನನ್ನ ಜೊತೆ ಕನ್ನಡದಲ್ಲೇ ಮಾತು. ಊರಿಂದ ಬಂದಿದ್ದ ಚಿಕ್ಕಮ್ಮನಿಗೆ ಇದು ದೊಡ್ಡ ಸೋಜಿಗ. "ಚರ್ಚಿಗೆ ಹೋಗೋರಿಗೆ ಫಾತಿಮಾ ಅಂತ ಹೆಸರಾ?"

ಅರಬ್ಬಿಯಲ್ಲಿ ಫಾತಿಮಾ ಅಂದರೆ ಮಗುವಿಗೆ ಎದೆಹಾಲು ಬಿಡಿಸುವವಳು. ಪ್ರವಾದಿ ಮುಹಮ್ಮದರ ಮಗಳ ಹೆಸರು ಅದು. ಆಕೆ ಹಸನ್-ಹುಸೇನರ ತಾಯಿ. ನಮ್ಮ ಉತ್ತರ ಕರ್ನಾಟಕದಲ್ಲಿ ಮೊಹರಂ ಬಂದರೆ ಹಿಂದೂಗಳೂ ಅಲಾಯಿ ಕುಣಿಯುತ್ತಾರೆ, ಆ ಅಣ್ಣತಮ್ಮಂದಿರ ಕತೆ ಹಾಡುತ್ತಾರೆ. ಹಾಗಾಗಿ ಆ ತಾಯಿ ನಮಗೆ ಹೊರಗಿನವಳಲ್ಲ.

ಆಂಟಿಯ ಹೆಸರು ಬಂದ ದಾರಿ ಬೇರೆ. ಪೋರ್ಚುಗಲ್‌ನಲ್ಲಿ ಫಾತಿಮಾ ಅನ್ನುವ ಊರೇ ಇದೆ. 711ರಿಂದ ಶತಮಾನಗಳ ಕಾಲ ಆ ಕಡೆ ಮುಸ್ಲಿಂ ಅರಸರ ಆಳ್ವಿಕೆ ಇತ್ತು. ಅರಸರು ಹೋದರು, ಎಷ್ಟೋ ಊರುಗಳಿಗೆ ಅರಬ್ಬಿ ಹೆಸರು ಹಾಗೇ ಉಳಿಯಿತು. ಸೆರೆಸಿಕ್ಕ ಫಾತಿಮಾ ಎಂಬ ಮುಸ್ಲಿಂ ರಾಜಕುಮಾರಿಯಿಂದ ಈ ಊರಿಗೆ ಹೆಸರು ಬಂತು ಅಂತ ದಂತಕತೆಯೂ ಇದೆ. 1917ರ ಮೇ 13ರಂದು ಅಲ್ಲಿ ಕುರಿ ಕಾಯುತ್ತಿದ್ದ ಲೂಸಿಯಾ, ಫ್ರಾನ್ಸಿಸ್ಕೊ, ಜಸಿಂತಾ ಎಂಬ ಮೂವರು ಮಕ್ಕಳು ಯೇಸುವಿನ ತಾಯಿ ಮಾತೆ ಮರಿಯಮ್ಮನವರನ್ನು ಕಂಡೆವು ಅಂದರು. ಅಕ್ಟೋಬರ್‌ವರೆಗೂ ಆ ದರ್ಶನಗಳ ಸುದ್ದಿ ಹಬ್ಬಿ ಜನ ಸೇರತೊಡಗಿದರು. ಆಮೇಲೆ ಮಾತೆಯನ್ನೇ ಫಾತಿಮಾ ಮಾತೆ ಅಂದರು. ಹುಟ್ಟಿದ ಹೆಣ್ಣುಮಕ್ಕಳಿಗೂ ಅದೇ ಹೆಸರಿಟ್ಟರು.

ಗೋವಾ 1961ರವರೆಗೆ ಪೋರ್ಚುಗೀಸರ ಕೈಲಿತ್ತಲ್ವಾ, ಆ ಭಕ್ತಿ ಇಲ್ಲಿಗೂ ಬಂತು. ಮಾತೆಯ ಬಿರುದುಗಳನ್ನು ಮಕ್ಕಳಿಗೆ ಇಡುವುದು ಇಲ್ಲಿ ಹಳೇ ರೂಢಿ. ದುಃಖಗಳ ಮಾತೆಯಿಂದ ಡೊಲೊರೆಸ್, ಪವಾಡಗಳ ಮಾತೆಯಿಂದ ಮಿಲಾಗ್ರಿಸ್. ಕೊಂಕಣಿಯಲ್ಲಿ ಮಾತೆಗೆ ಸಾಯ್ಬಿಣ್ ಅನ್ನುತ್ತಾರೆ. ಸಾಯ್ಬಿಣ್ ಮೂರ್ತಿ ಮನೆಯಿಂದ ಮನೆಗೆ ಹೋಗುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಬೇಯಿಸಿದ ಕಡಲೆ ಹಂಚುತ್ತಾರೆ. ಆಂಟಿ ಕೆಳಗಿನ ಮನೆಗೂ ಒಂದು ಬಟ್ಟಲು ಕಳಿಸುತ್ತಾರೆ.

ಪ್ರವಾದಿಯ ಮಗಳ ಹೆಸರು ಅಷ್ಟು ದೂರ ಸುತ್ತಿ, ಮರಿಯಮ್ಮನ ಹೆಸರಾಗಿ ಒಂದು ಕ್ರೈಸ್ತ ಮನೆ ಸೇರಿತು ಅನ್ನುವುದು ನನಗೆ ಈಗಲೂ ಬೆರಗು. ಟರ್ಕಿಯಲ್ಲಿ ಇದೇ ಹೆಸರು ಫಾತ್ಮಾ, ಪಶ್ಚಿಮ ಆಫ್ರಿಕಾದಲ್ಲಿ ಫಾತುಮಾತಾ, ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ ಪಾತುಮ್ಮ. ನಿಮ್ಮ ಊರಿನ ಫಾತಿಮಾಳನ್ನು ಏನಂತ ಕರೆಯುತ್ತಾರೆ, ಬರೆದು ತಿಳಿಸಿ.