ಅಪ್ಪನಿಗಾಗದ ದಣಿವು ನಿನಗೇಕೆ?

ಮುಂಬಯಿಯ ನಮ್ಮವರ ಮದುವೆಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬ ಹಿರಿಯರು ಕೇಳಿಯೇ ಕೇಳುತ್ತಾರೆ: "ನಿನ್ನ ಅಪ್ಪ ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತರು. ದಿನಕ್ಕೆ ಹದಿನಾಲ್ಕು ಗಂಟೆ. ಒಮ್ಮೆಯೂ ಸುಸ್ತು ಎನ್ನಲಿಲ್ಲ. ನೀನು ಎ.ಸಿ. ಕೋಣೆಯಲ್ಲಿ ಕುಳಿತು ಎಂಟೇ ವರ್ಷಕ್ಕೆ ಕೆಲಸ ಬಿಟ್ಟೆಯಲ್ಲ, ಅಂಥದ್ದೇನಾಯಿತು?" ಹೋಳಿಗೆ ಬಡಿಸಿ ಮುಂದೆ ಹೋಗುವಷ್ಟರಲ್ಲಿ ಕೊಡಬಹುದಾದ ಉತ್ತರ ಅದಲ್ಲ. ಇಲ್ಲಿ ಕೊಡುತ್ತೇನೆ. ನನಗಾದದ್ದು ಬರ್ನ್‌ಔಟ್, ಅಂದರೆ ಕೆಲಸವೇ ಮನುಷ್ಯನನ್ನು ಒಳಗಿನಿಂದ ಬರಿದುಮಾಡುವ ಸ್ಥಿತಿ.

ನಾನಿದ್ದದ್ದು ವಿಮಾ ಕಂಪನಿಯೊಂದರ ದೂರು ವಿಭಾಗದಲ್ಲಿ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತಿ ದಾದರ್‌ವರೆಗೆ ಒಂದು ಕಾಲೂರಿ ನಿಂತೇ ಹೋಗುತ್ತಿದ್ದೆ. ಆ ನೂಕುನುಗ್ಗಲೇ ನನ್ನನ್ನು ಹಿಂಡಿಹಾಕಿತು ಎಂದು ಹಲವರು ಊಹಿಸುತ್ತಾರೆ. ಅಲ್ಲ. ಹೊರಟ ರೈಲಿನ ಹಿಂದೆ ಓಡುವಾಗ ಅಡ್ರಿನಾಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹತ್ತಿ ನಿಂತ ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯುತ್ತದೆ. ಒತ್ತಡ ಎಂದರೆ ಇದು, ದೇಹಕ್ಕೆ ಇದು ಗೊತ್ತಿರುವ ವಿದ್ಯೆ. ಕೆನಡಾದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿದ ಹಾನ್ಸ್ ಸೆಲ್ಯೆ 1936ರಲ್ಲೇ ಇದರ ಮೆಟ್ಟಿಲುಗಳನ್ನು ಗುರುತಿಸಿದ್ದ: ಮೊದಲು ಗಾಬರಿ, ಆಮೇಲೆ ತಡೆದು ನಿಲ್ಲುವುದು, ನಿಂತೇ ಇರಬೇಕಾಗಿ ಬಂದರೆ ಕೊನೆಗೆ ಕುಸಿತ.

ಮಾರ್ಚ್ ತಿಂಗಳಿನದು ಬೇರೆ ಕಥೆ. ವರ್ಷಾಂತ್ಯದ ಕಡತಗಳು ಒಟ್ಟಿಗೆ ಬಂದು ಬಿದ್ದು, ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂದು ದಿಕ್ಕು ತೋಚದೆ ಕಂಪ್ಯೂಟರಿನ ಮುಂದೆ ಸುಮ್ಮನೆ ಕುಳಿತುಬಿಡುತ್ತಿದ್ದೆ. ಅದೂ ದಾಟುತ್ತಿತ್ತು. ಪಕ್ಕದ ಮೇಜಿನವರು ಹತ್ತು ಕಡತ ತೆಗೆದುಕೊಂಡರೆ ಉಸಿರು ಬರುತ್ತಿತ್ತು.

ದಾಟದೇ ಉಳಿದದ್ದು ಮೂರನೆಯದು, ಆ ಬರ್ನ್‌ಔಟ್. ಕೊಂಕಣದ ಹಳ್ಳಿಯೊಂದರ ವೃದ್ಧೆ ತೀರಿಹೋದ ಗಂಡನ ವಿಮಾ ಹಣಕ್ಕಾಗಿ ಮೂರು ಸಲ ಮರಣ ಪತ್ರ ಕಳುಹಿಸಿದ್ದರು. ನಾಲ್ಕನೆಯ ಸಲ ಮರಾಠಿಯಲ್ಲಿ ಕೈಯಾರೆ ಎರಡು ಪುಟದ ಕಾಗದ ಬರೆದಿದ್ದರು. ನಾನು ಅದನ್ನು ಓದಲಿಲ್ಲ. ಮೇಲಿನ ಸಂಖ್ಯೆ ನೋಡಿ "ದಾಖಲೆ ಅಪೂರ್ಣ" ಎಂಬ ಸಿದ್ಧ ಉತ್ತರವನ್ನೇ ಮತ್ತೆ ಕಳುಹಿಸಿದೆ. ಸಂಜೆ ಮೇಜು ಜೋಡಿಸುವಾಗ ಕಾಗದ ಕಣ್ಣಿಗೆ ಬಿತ್ತು, ಓದಿದೆ. ಮನಸ್ಸಿನಲ್ಲಿ ಏನೂ ಆಗಲಿಲ್ಲ. ಆ ಏನೂ ಆಗದಿರುವಿಕೆಗೆ ನಾನು ಹೆದರಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಕಾಗದ ಓದಿ ಶೌಚಾಲಯಕ್ಕೆ ಹೋಗಿ ಅತ್ತು ಬಂದವಳು ನಾನು.

ಬರ್ನ್‌ಔಟ್ ಎಂಬ ಮಾತಿನ ಹುಟ್ಟೂ ಇಂಥ ಕಡೆಯೇ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ಉತ್ಸಾಹದಿಂದ ಬಂದ ಸ್ವಯಂಸೇವಕರು ಬರಿದಾಗುವುದನ್ನು ಕಂಡು 1974ರಲ್ಲಿ ಅದರ ಬಗ್ಗೆ ಬರೆದರು. ಸಂಶೋಧಕಿಯರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದಾಗ ಮೂರು ಲಕ್ಷಣ ಹಿಡಿದರು: ಮನಸ್ಸಿನ ಕಸುವು ಬತ್ತುವುದು, ಎದುರಿನ ಮನುಷ್ಯರು ಮನುಷ್ಯರಂತೆ ಕಾಣದಿರುವುದು, ಮಾಡಿದ ಕೆಲಸಕ್ಕೆ ಬೆಲೆಯೇ ಇಲ್ಲ ಅನ್ನಿಸುವುದು. ಆ ಎರಡನೆಯದನ್ನು ಓದಿದಾಗ ನನಗೆ ಆ ವೃದ್ಧೆಯ ಅಕ್ಷರಗಳು ನೆನಪಾದವು. ಇದಕ್ಕೆ ಕನ್ನಡದಲ್ಲಿ ಪದವಿಲ್ಲ ಎನ್ನುವವರಿಗೆ ನಾನು ದೇವರ ಕೋಣೆಯ ದೀಪ ತೋರಿಸುತ್ತೇನೆ. ಎಣ್ಣೆ ಇರುವವರೆಗೆ ಉರಿಯುವುದು ಎಣ್ಣೆ. ತೀರಿದ ಮೇಲೆ ಬತ್ತಿಯೇ ಉರಿಯುತ್ತದೆ, ಕಮಟು ವಾಸನೆ ಬರುತ್ತದೆ.

ಈಗ ಅಪ್ಪನ ವಿಷಯ. ಅವರ ದುಡಿಮೆಯನ್ನು ನಾನು ಕಿಂಚಿತ್ತೂ ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ರಾತ್ರಿ ಶಟರ್ ಎಳೆದರೆ ಹೋಟೆಲು ಅಲ್ಲೇ ಉಳಿಯುತ್ತಿತ್ತು, ಜೇಬಿನಲ್ಲಿ ಮನೆಗೆ ಬರುತ್ತಿರಲಿಲ್ಲ. ಬೇಕಾದ ಗಿರಾಕಿಗೆ ಸಾಲ ಬರೆದುಕೊಳ್ಳುವ ಅಧಿಕಾರ ಅವರಿಗಿತ್ತು. ನನಗೆ ಆ ವೃದ್ಧೆಯ ಕಡತವನ್ನು ಮುಂದಿನ ಹಂತಕ್ಕೆ ಸಾಗಿಸುವ ಅಧಿಕಾರವೂ ಇರಲಿಲ್ಲ, ಬೈಗುಳ ಮಾತ್ರ ನನ್ನ ಪಾಲಿಗಿತ್ತು. ಹೊರೆ ಹೆಚ್ಚಾಗಿ, ಹಿಡಿತ ಕಡಿಮೆಯಾದ ಕೆಲಸವೇ ಮನುಷ್ಯನನ್ನು ಹೆಚ್ಚು ಅರೆಯುತ್ತದೆ ಎಂದು ಕೆಲಸದ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ವಾದಿಸಿದ್ದರು.

ಹಾಗಾದರೆ ಅದೇ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ ಹುಡುಗರಿಗೆ ಯಾವ ಹಿಡಿತವಿತ್ತು? ಊರಿನಿಂದ ಬಂದು, ಅಡುಗೆಮನೆಯ ಮೂಲೆಯಲ್ಲೇ ಮಲಗಿ, ಕೆಲವರು ಹೇಳದೆ ಕೇಳದೆ ಓಡಿಹೋದರು, ಕೆಲವರು ಕುಡಿತಕ್ಕೆ ಬಿದ್ದರು. ಅವರನ್ನು ಸೋಮಾರಿ ಎಂದೆವು. ಅಪ್ಪನ ಜೊತೆಯವರಲ್ಲಿ ಇಬ್ಬರು ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಕುಸಿದರು. ಅದನ್ನು ಹಣೆಬರಹ ಎಂದೆವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು. ಅಪ್ಪನ ವಾರ ತೊಂಬತ್ತು ಗಂಟೆ ದಾಟುತ್ತಿತ್ತು. ಅವರು ದಣಿಯಲಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಅವರನ್ನು ಯಾರೂ ಕೇಳಲಿಲ್ಲ.

"ಹದಿನೈದು ದಿನ ಊರಿಗೆ ಹೋಗಿ ಬರಬಾರದಿತ್ತೇ?" ಎನ್ನುತ್ತಾರೆ. ಹೋಗಿದ್ದೆ. ಚೆನ್ನಾಗಿ ನಿದ್ದೆ ಮಾಡಿದೆ, ಉಂಡೆ. ಮರಳಿದ ಸೋಮವಾರ ದಾದರ್ ಸೇತುವೆಯ ಮೇಲೆ ಹೊಟ್ಟೆ ತೊಳಸತೊಡಗಿತು. ರಜೆ ದಣಿವನ್ನು ಕಳೆಯುತ್ತದೆ, ಕೆಲಸವನ್ನು ಬದಲಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ರೋಗ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ನನ್ನ ಮಟ್ಟಿಗೆ ಅದು ಬಹಳ ಮುಖ್ಯವಾದ ಮಾತು. ಆದರೂ ಮೊದಲು ವೈದ್ಯರನ್ನು ಕಾಣಿ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇವೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಬದುಕೇ ಬೇಡ ಅನ್ನಿಸಿದರೆ ಒಂದು ಕ್ಷಣವೂ ಕಾಯಬೇಡಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ನಾನು ವಿಭಾಗ ಬದಲಿಸಿಕೊಡಿ ಎಂದು ಎರಡು ಸಲ ಕೇಳಿ, "ಎಲ್ಲರಿಗೂ ಇದ್ದದ್ದೇ" ಎಂಬ ಉತ್ತರ ಪಡೆದು, ಕೆಲಸ ಬಿಟ್ಟೆ. ಮನೆ ಸಾಲ ಇರಲಿಲ್ಲ, ಬಿಡಲು ಸಾಧ್ಯವಾಯಿತು. ಎಲ್ಲರಿಗೂ ಆಗುವುದಿಲ್ಲ ಎಂದು ಬಲ್ಲೆ. ಈಗ ಠಾಣೆಯಲ್ಲಿ ಸಣ್ಣ ಲೆಕ್ಕಪತ್ರ ಕಚೇರಿಯಲ್ಲಿದ್ದೇನೆ, ಸಂಬಳ ಕಡಿಮೆ.

ಕಳೆದ ತಿಂಗಳ ಮದುವೆಯಲ್ಲಿ ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಅವರು ಬಹಳ ಹೊತ್ತು ಎಲೆ ನೋಡುತ್ತ ಕುಳಿತರು. ಅವರ ಮಗ ಪುಣೆಯಲ್ಲಿ, ಐ.ಟಿ. ಕಂಪನಿಗಳಿರುವ ಹಿಂಜವಡಿಯಲ್ಲಿದ್ದಾನೆ. "ಅವನು ಫೋನಿನಲ್ಲಿ ಹ್ಞೂಂ ಹ್ಞೂಂ ಎಂದಷ್ಟೇ ಹೇಳುತ್ತಾನೆ ಮಗಳೇ, ಏನು ಕೇಳಲಿ?" ಎಂದರು. ಕೆಲಸ ಎಷ್ಟಿದೆ ಎಂದು ಕೇಳಬೇಡಿ, ಭಾನುವಾರ ಸಂಜೆ ಹೇಗಿರುತ್ತದೆ ಎಂದು ಕೇಳಿ ಎಂದೆ. ಕೈ ತೊಳೆದು ಬಂದವರೇ ಸಭಾಂಗಣದ ಹೊರಗೆ ಹೋಗಿ ಅವನಿಗೆ ಫೋನ್ ಮಾಡಿದರು.