ಜನ ಏನಂದ್ರು ಅಂತ ಕೇಳ್ತೀರಲ್ಲ, ಕೇಳಿ

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ಸಾಗರದ ಬಸ್ ಸ್ಟ್ಯಾಂಡಿನಲ್ಲಿ, ಮಂಡಿಯಲ್ಲಿ ಅಡಿಕೆ ಚೀಲ ಇಳಿಸಿ ನಿಂತಾಗ, ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೇಳುತ್ತಾರೆ. "ಅಲ್ಲ ಮಾರಾಯ, ಜನ ಏನಂದ್ಕೋತಾರೆ ಅಂತ ನಿಂಗೆ ಅನ್ನಿಸ್ಲೇ ಇಲ್ವಾ? ಅಷ್ಟು ಧೈರ್ಯ ಎಲ್ಲಿಂದ ಬಂತು?"

ಕೇಳುವವರಲ್ಲಿ ಎರಡು ಥರ. ಕೆಲವರಿಗೆ ತಾವೇ ಏನನ್ನೋ ಬಿಟ್ಟು ಇನ್ನೇನನ್ನೋ ಹಿಡಿಯುವ ಆಸೆ ಇರುತ್ತದೆ. ಅವರು ದನಿ ತಗ್ಗಿಸಿ ಕೇಳುತ್ತಾರೆ. ಉಳಿದವರು ನನ್ನನ್ನು ದಡ್ಡ ಅನ್ನುವುದನ್ನು ಮರ್ಯಾದೆಯಾಗಿ ಹೇಳುತ್ತಿರುತ್ತಾರೆ, ಅಷ್ಟೇ. ಇಬ್ಬರಿಗೂ ನಾನು ಈ ತನಕ ನಕ್ಕು ಬಿಟ್ಟಿದ್ದೇನೆ. ಸರಿಯಾಗಿ ಉತ್ತರ ಹೇಳಲು ಊಟದ ಪಂಕ್ತಿಯಲ್ಲಿ ಹೊತ್ತು ಸಾಲುವುದಿಲ್ಲ.

ವಿಷಯ ಇಷ್ಟು. ನಾನು ಬಿ.ಕಾಂ ಓದಿದವನು. ಶಿವಮೊಗ್ಗದಲ್ಲಿ ಆರು ವರ್ಷ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ ಮಾಡಿದೆ. ಈಗ ಅಡಿಕೆ ಕೊನೆ, ಅಂದರೆ ಗೊಂಚಲು, ಕೊಯ್ಯುತ್ತೇನೆ. ನಮ್ಮ ತೋಟದ್ದೂ ಕೊಯ್ಯುತ್ತೇನೆ, ಕರೆದವರ ತೋಟದ್ದೂ ಕೊಯ್ಯುತ್ತೇನೆ. ಮಳೆ ಹಿಡಿಯುವ ಮೊದಲು ಕೊಳೆ ರೋಗದ ಔಷಧಿ ಬೋರ್ಡೋ ಹೊಡೆಯುತ್ತೇನೆ. ದಿನಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತೇನೆ. ಮಲೆನಾಡಿನವರಿಗೆ ಇದರಲ್ಲಿ ಧೈರ್ಯದ ಮಾತು ಎಲ್ಲಿ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳಬೇಕು. ನಮ್ಮದು ತೋಟ ಇರುವ ಮನೆ. ತೋಟದ ಮನೆಯ ಮಾಣಿ, ಅಂದರೆ ಹುಡುಗ, ಇನ್ನೊಬ್ಬರ ತೋಟಕ್ಕೆ ಕೂಲಿಗೆ ಹೋಗುವುದಿಲ್ಲ. ಕೊನೆ ಕೊಯ್ಯಲು ಬೇರೆ ಮನೆಗಳಿವೆ, ಬೇರೆ ಕೇರಿಗಳಿವೆ. ಜಾತಿ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದೆಲ್ಲ ಅದನ್ನೇ.

ಶುರುವಾದದ್ದು ಗೋಟಿನಿಂದ, ಅಂದರೆ ಮರದಲ್ಲೇ ಹಣ್ಣಾಗಿಹೋದ ಅಡಿಕೆಯಿಂದ. ಅಪ್ಪಯ್ಯನ ಮಂಡಿ ನೋವು ಜಾಸ್ತಿಯಾಗಿ ನಾನು ಊರಿಗೆ ಬಂದ ವರ್ಷ, ಕೊನೆಗೌಡರು ಸಿಗಲಿಲ್ಲ. ನಮ್ಮಲ್ಲಿ ಕೊನೆ ಕೊಯ್ಯುವವರನ್ನು ಹಾಗೆ ಕರೆಯುತ್ತೇವೆ. ಇದ್ದ ಇಬ್ಬರ ಹಿಂದೆ ಇಡೀ ಊರು ಬಿದ್ದಿತ್ತು. ಅವರ ಮಕ್ಕಳು ಬೆಂಗಳೂರಿನಲ್ಲಿ ಕಾರು ಓಡಿಸುತ್ತಾರೆ, ಹೋಟೆಲ್ ನೋಡಿಕೊಳ್ಳುತ್ತಾರೆ. ಮರ ಹತ್ತಲು ವಾಪಸ್ ಬಾ ಅಂತ ಅವರಿಗೆ ಯಾವ ಬಾಯಲ್ಲಿ ಹೇಳುವುದು? ಕೆಂಪಡಿಕೆ ಮಾಡಬೇಕಾದರೆ ಕಾಯಿ ಇನ್ನೂ ಹಸಿರಿರುವಾಗಲೇ ಕೊಯ್ಯಬೇಕು. ಸುಲಿದು, ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ ಬೇಯಿಸಿ, ಒಣಗಿಸಬೇಕು. ನಮ್ಮ ಸರದಿ ಬರುವಾಗ ಮೂರು ವಾರ ತಡವಾಗಿತ್ತು. ಅರ್ಧ ಮರದಲ್ಲಿ ಕಾಯಿ ಹಣ್ಣಾಗಿ ಹಳದಿ ತಿರುಗಿತ್ತು. ರಾಶಿ, ಅಂದರೆ ಕೆಂಪಡಿಕೆ, ಆಗಬೇಕಿದ್ದದ್ದು ಗೋಟಾಯಿತು. ಅಪ್ಪಯ್ಯ ಅಂಗಳದಲ್ಲಿ ಕೂತು ಒಂದೊಂದೇ ಕಾಯಿ ಆರಿಸುತ್ತಾ ಏನೂ ಮಾತಾಡಲಿಲ್ಲ.

ಮುಂದಿನ ವರ್ಷ ಕಾರ್ಬನ್ ಫೈಬರ್ ದೋಟಿ ತಂದೆ. ಉಳಿಸಿದ ದುಡ್ಡೆಲ್ಲ ಅದಕ್ಕೇ ಹೋಯಿತು. ಮಾವಿನಕಾಯಿ ಕೀಳುವ ಬಿದಿರಿನ ದೋಟಿ ನೋಡಿದ್ದೀರಲ್ಲ, ಅದರದ್ದೇ ಜಾತಿ. ಒಂದರೊಳಗೊಂದು ಸೇರುವ ಕೊಳವೆ. ಎಳೆದರೆ ಅಡಿಕೆ ಮರದ ತಲೆ ಮುಟ್ಟುತ್ತದೆ. ತುದಿಗೆ ಕತ್ತಿ ಕಟ್ಟಿದರೆ ಕೊಯ್ಲು, ನಾಸಲ್ ಕಟ್ಟಿದರೆ ಔಷಧಿ. ಮರ ಹತ್ತಬೇಕಾಗಿಲ್ಲ. ಕೇಳಲು ಸುಲಭ ಅಲ್ವಾ? ಮೊದಲ ದಿನ ಇಪ್ಪತ್ತು ಮರ ಮುಗಿಸುವಷ್ಟರಲ್ಲಿ ಕುತ್ತಿಗೆ ಹಿಂದಕ್ಕೇ ಸೆಟೆದುಕೊಂಡಿತ್ತು. ರಾತ್ರಿ ಊಟಕ್ಕೆ ಕೂತರೆ ಬಾಳೆಲೆ ನೋಡಲು ತಲೆ ಬಗ್ಗುತ್ತಿರಲಿಲ್ಲ. ಮೇಲೆ ಐವತ್ತು ಅಡಿಯಲ್ಲಿ ಕತ್ತಿ ಒಂದು ಗೇಣು ಆಚೀಚೆ ಆದರೆ ಮುಂದಿನ ವರ್ಷದ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಹೋಗುತ್ತದೆ. ಇನ್ನೊಂದು ಮಾತು, ದೋಟಿ ತರುವವರು ಇದನ್ನು ಮರೆಯಬೇಡಿ: ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಅದರ ಹತ್ತಿರದ ಮರಗಳಿಗೆ ದೋಟಿ ಎತ್ತಲೇಬಾರದು.

ಅಲ್ಲಿಯ ತನಕ ಯಾರೂ ಏನೂ ಅನ್ನಲಿಲ್ಲ. ಸ್ವಂತ ತೋಟ, ಸ್ವಂತ ದೋಟಿ. "ಹುಷಾರಿ ಮಾಣಿ" ಅಂದರು.

ಬದಲಾದದ್ದು ಪಕ್ಕದ ಮನೆಯ ಅತ್ತೆಯ ತೋಟ ಕೊಯ್ದ ದಿನ. ಅವರ ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. "ನಮ್ಮನೇದೂ ಒಂದು ಕೊಯ್ದು ಕೊಡ್ತೀಯನಾ ತಮ್ಮಾ?" ಅಂತ ಕೇಳಿದರು. ಎರಡು ದಿನ ಕೊಯ್ದೆ. ಮೂರನೇ ದಿನ ಕವಳದ, ಅಂದರೆ ಎಲೆ-ಅಡಿಕೆಯ, ತಟ್ಟೆಯ ಜೊತೆ ಒಂದು ಕವರ್ ತಂದು ಮುಂದಿಟ್ಟರು. ನಾನು ಬೇಡ ಅನ್ನಬೇಕಿತ್ತು. ಅದು ಪದ್ಧತಿ. ಬೇಡ ಅಂದಿದ್ದರೆ ನಾನು ಒಳ್ಳೆಯ ಹುಡುಗ, ಉಪಕಾರಿ. ಬಿಟ್ಟಿ ಮಾಡಿದರೆ ಉಪಕಾರ, ದುಡ್ಡು ಮುಟ್ಟಿದರೆ ಕೂಲಿ. ಕೆಲಸ ಅದೇ, ದೋಟಿ ಅದೇ, ಕುತ್ತಿಗೆ ನೋವೂ ಅದೇ. ನಡುವೆ ಇದ್ದದ್ದು ಒಂದು ಕವರ್.

ನಾನು ತೆಗೆದುಕೊಂಡೆ. ಧೈರ್ಯದಿಂದ ತೆಗೆದುಕೊಂಡೆ ಅಂದರೆ ಸುಳ್ಳಾಗುತ್ತದೆ. ಆ ತಿಂಗಳು ಕೈಯಲ್ಲಿ ದುಡ್ಡಿರಲಿಲ್ಲ. ಕಿವಿ ಬಿಸಿಯಾಗಿತ್ತು, ಅತ್ತೆಯ ಮುಖ ನೋಡಲಿಲ್ಲ. ಮನೆಗೆ ಬಂದು ಆಯಿಗೂ ಹೇಳಲಿಲ್ಲ.

ಹೇಳಬೇಕಾಗಿಯೂ ಬರಲಿಲ್ಲ ಬಿಡಿ. ನಾಲ್ಕು ದಿನದಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಆ ಸೀಸನ್ನಿನಲ್ಲೇ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರೊಬ್ಬರು ಕರೆದರು. ಈಗೇನೋ 2025ರ ಜುಲೈನಲ್ಲಿ ಸೇತುವೆ ಆಗಿದೆ, ಬುರ್ರನೆ ದಾಟಿಬಿಡುತ್ತೇವೆ. ಆಗ ಅಂಬಾರಗೋಡ್ಲುವಿನಲ್ಲಿ ಲಾಂಚ್ ಕಾಯಬೇಕಿತ್ತು. ಓಮ್ನಿಯ ತಲೆ ಮೇಲೆ ದೋಟಿ ಕಟ್ಟಿಕೊಂಡು ಲಾಂಚಿನಲ್ಲಿ ನಿಂತರೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ, ಸುತ್ತ ಶರಾವತಿ ಹಿನ್ನೀರು. ದೂರದ ಸಂಬಂಧದ ಮಾವ ಒಬ್ಬರು ಸಿಕ್ಕಿದರು. "ಎಂತಾ ಮಾಣಿ, ಓದಿದ್ದು ಇದಕ್ಕೇನಾ?" ಅಂದರು. ಸಿಗಂದೂರಿಗೆ ಹೊರಟ ಬಯಲುಸೀಮೆಯ ಯಾತ್ರಿಗಳೂ ತಿರುಗಿ ನೋಡಿದರು. ನಾನು "ದೋಟಿ ಫ್ರೆಂಡಿಂದು, ತಲುಪಿಸೋಕೆ ಹೋಗ್ತಿದೀನಿ" ಅಂದೆ.

ಹೌದು, ಹಾಗೇ ಅಂದೆ. ಧೈರ್ಯವಂತ ಅಂತ ನನ್ನನ್ನು ಹೊಗಳುವವರು ಈ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ.

ಮೊದಲು ಧೈರ್ಯ ಬಂದು, ಆಮೇಲೆ ನಾನು ಕೆಲಸಕ್ಕೆ ಇಳಿಯಲಿಲ್ಲ. ಕೆಲಸ ಮೊದಲು ಬಂತು. ನಾಚಿಕೆಯನ್ನು ಜೊತೆಗೇ ಕಟ್ಟಿಕೊಂಡು ಒಂದೂವರೆ ವರ್ಷ ಓಡಾಡಿದೆ. ಅದು ಯಾವಾಗ ಕಮ್ಮಿಯಾಯಿತು ಅಂತ ಗಮನಿಸಲೂ ಇಲ್ಲ. ಒಂದು ದಿನ ಮಂಡಿಯಲ್ಲಿ ಯಾರೋ "ಏನು ಮಾಡ್ತಿದೀರಿ ಈಗ?" ಅಂತ ಕೇಳಿದರು. "ಕೊನೆ ಕೊಯ್ತೀನಿ" ಅಂದೆ. ಅಂದ ಮೇಲೆ ಗೊತ್ತಾಯಿತು, ಮೊದಲ ಸಲ ಹಾಗಂದೆ ಅಂತ. ಕೇಳಿದವರು ರೇಟ್ ವಿಚಾರಿಸಿದರು.

ಜನರ ಮಾತಿಗೆ ಬೆಲೆ ಕೊಡಬೇಡಿ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಮಾತಿಗೆ ಬೆಲೆ ಇದೆ, ನಾನು ತೆತ್ತಿದ್ದೇನೆ. ಎರಡು ಸಂಬಂಧ ತಪ್ಪಿತು. ಮಲೆನಾಡಿನಲ್ಲಿ ತೋಟ ಮಾಡುವ ಹುಡುಗನಿಗೆ ಹೆಣ್ಣು ಸಿಗುವುದೇ ಕಷ್ಟ, ಅದರ ಮೇಲೆ ಇದು. "ಹುಡುಗ ಕೊನೆ ಕೊಯ್ಯೋಕೆ ಹೋಗ್ತಾನಂತೆ" ಅಂತ ಒಂದು ಫೋನು, ಅಷ್ಟೇ. ಅಪ್ಪಯ್ಯ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಲಾಂಚಿನ ಮಾವನ ಮಾತು ಎರಡು ದಿನ ಕೊರೆದು ಹೋಯಿತು. ಅಪ್ಪಯ್ಯನ ಮೌನ ಹಾಗೆ ಹೋಗಲಿಲ್ಲ.

ಬೋರ್ಡೋ ಮಾಡುವಾಗ ಒಂದು ಪರೀಕ್ಷೆ ಇದೆ. 1 ಕೆ.ಜಿ ಮೈಲುತುತ್ತ, 1 ಕೆ.ಜಿ ಸುಣ್ಣ, ಒಟ್ಟು 100 ಲೀಟರ್ ನೀರು. ಹದ ಸರಿಯಾಯಿತಾ ಅಂತ ನೋಡಲು ಕಬ್ಬಿಣದ ಕತ್ತಿಯನ್ನು ಅದ್ದಬೇಕು. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಕೊಳೆ ರೋಗ ನಿಲ್ಲುವ ಬದಲು ಗಿಡಕ್ಕೇ ಏಟು. ಜನರ ಮಾತಿಗೂ ನನ್ನದೊಂದು ಕತ್ತಿ ಇದೆ. ಈ ಮನುಷ್ಯನಿಗೆ ನನ್ನ ಕೆಲಸ ಕೆಟ್ಟರೆ ನಷ್ಟ ಇದೆಯಾ? ಅಪ್ಪಯ್ಯನಿಗೆ ಇತ್ತು. ಅದಕ್ಕೇ ಅವರ ಎದುರು ಕೂತು ಲೆಕ್ಕದ ಪುಸ್ತಕ ತೆಗೆದೆ, ಎಷ್ಟು ಬಂತು, ಎಷ್ಟು ಹೋಯಿತು ಅಂತ ತೋರಿಸಿದೆ. ಅವರು ಒಪ್ಪಿದರು ಅಂತ ಹೇಳಲಾರೆ. ಮರುದಿನ ಬೆಳಿಗ್ಗೆ ಕತ್ತಿ ಮಸೆದು ಜಗುಲಿಯಲ್ಲಿ ಇಟ್ಟಿದ್ದರು.

ಉಳಿದವರ ಮಾತಿಗೆ ಆಯಸ್ಸು ಕಮ್ಮಿ. ರಾಶಿ ಅಡಿಕೆಯ ದರ ಸ್ವಲ್ಪ ಏರಿದರೂ ಸಾಕು, ಊರು ನನ್ನನ್ನು ಮರೆತು ಅದನ್ನೇ ಮಾತಾಡುತ್ತದೆ. ಲಾಂಚಿನ ಮಾವ ಕಳೆದ ಮೂರು ವರ್ಷದಿಂದ ನವರಾತ್ರಿಗೆ ಮೊದಲೇ ಫೋನ್ ಮಾಡಿ ದಿನ ಕೇಳುತ್ತಾರೆ. ಒಳ್ಳೆಯ ಕಾಫಿ ಕೊಡುತ್ತಾರೆ. ದುಡ್ಡು ಕೊಡುವಾಗ ಮಾತ್ರ ಈಗಲೂ ಕವರಿನಲ್ಲಿ ಹಾಕಿ, ಅಂಟಿಸಿಯೇ ಕೊಡುತ್ತಾರೆ.

ಧೈರ್ಯ ತುಂಬಲು ಬರುವವರು ಸಾಮಾನ್ಯವಾಗಿ ಎರಡು ಹೆಸರು ಹೇಳುತ್ತಾರೆ. ಒಂದು, ನಮ್ಮದೇ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿ. ಭಾಷಣದಲ್ಲಿ ಎಲ್ಲರಿಗೂ ಅಕ್ಕ ಬೇಕು, ಸ್ವಂತ ಮಗಳು ಹಾಗೆ ಹೊರಟರೆ ಏನು ಮಾಡುತ್ತಾರೋ ನೋಡಬೇಕು. ಇನ್ನೊಂದು, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. ಅಡಿಕೆ ತೋಟದ ಊರಲ್ಲಿ ಕೂತು ನಾಟಕ ಕಟ್ಟಿದವರು. "ನೋಡು, ಮ್ಯಾಗ್ಸೆಸೆ ಬಂತು" ಅನ್ನುತ್ತಾರೆ. ಅವರ ನಾಟಕ ಸಂಸ್ಥೆ ನೀನಾಸಮ್ ಶುರುವಾದದ್ದು 1949ರಲ್ಲಿ, ಸುಬ್ಬಣ್ಣನವರಿಗೆ ಆ ಪ್ರಶಸ್ತಿ ಬಂದದ್ದು 1991ರಲ್ಲಿ. ನಡುವಿನ 42 ವರ್ಷವನ್ನು ಯಾರೂ ಹೇಳುವುದಿಲ್ಲ. ಪ್ರಶಸ್ತಿಯ ತುದಿಯಿಂದ ಹಿಂದಕ್ಕೆ ನೋಡಿದರೆ ಎಲ್ಲರ ದಾರಿಯೂ ನೆಟ್ಟಗೇ ಕಾಣುತ್ತದೆ.

ನನಗೆ ಜಾಸ್ತಿ ನೆನಪಾಗುವುದು ಕಾಗೋಡು. ಅದೂ ನಮ್ಮ ಸಾಗರ ತಾಲೂಕೇ. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಎದ್ದ ಹೋರಾಟ ಅದು. ಭೂಮಿಯ ಒಡೆಯರ ಎದುರು ನಿಂತರೆ ಆ ಗೇಣಿದಾರರ ಕೈಬಿಟ್ಟು ಹೋಗುತ್ತಿದ್ದದ್ದು ಉಳುವ ಭೂಮಿ. ನನಗೆ ಹೋದದ್ದು ಎರಡು ಸಂಬಂಧ, ಒಂದಿಷ್ಟು ನಿದ್ದೆ. ಕೆಲಸ ಕೈಕೊಟ್ಟಿದ್ದರೆ ನನಗೆ ತೋಟ ಇತ್ತು, ಮನೆ ಇತ್ತು, ಬಿ.ಕಾಂ ಇತ್ತು. ಬೀಳುವ ಜಾಗದಲ್ಲಿ ಹುಲ್ಲು ಹಾಸಿಕೊಂಡು ಹಾರಿದವನು ನಾನು. ಇದನ್ನು ಧೈರ್ಯ ಅಂತ ಕರೆಯುವಾಗ ಸ್ವಲ್ಪ ನೋಡಿಕೊಂಡು ಕರೆಯಬೇಕು.

ಹಾಗಾಗಿ ದನಿ ತಗ್ಗಿಸಿ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಮೊದಲು ನಿಮ್ಮ ಹುಲ್ಲು ಎಷ್ಟಿದೆ ನೋಡಿ. ನನ್ನದು ಸೀಸನ್ ಕೆಲಸ. ಕೊಯ್ಲು ಮುಗಿದ ಮೇಲೆ ಮೇ ತಿಂಗಳ ಕೊನೆಗೆ ಬೋರ್ಡೋ ಶುರುವಾಗುವ ತನಕ ಹೆಚ್ಚುಕಮ್ಮಿ ಖಾಲಿ. ಆ ಖಾಲಿ ತಿಂಗಳುಗಳ ಲೆಕ್ಕ ಮೊದಲೇ ಹಾಕಿರಲಿಲ್ಲ, ಒಂದು ವರ್ಷ ಒದ್ದಾಡಿದೆ. ಜನರ ಮಾತಿಗಿಂತ ಅದೇ ಜಾಸ್ತಿ ಕಾಡಿತು. ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಕದ್ದುಮುಚ್ಚಿ ಶುರು ಮಾಡಿದರೂ ನಡೆಯುತ್ತದೆ, ನಾನೇ ಲಾಂಚಿನಲ್ಲಿ ಸುಳ್ಳು ಹೇಳಿದವನು.

ನನ್ನ ಜೊತೆ ಈಗ ನಮ್ಮ ಹಳೆಯ ಕೊನೆಗೌಡರು ಬರುತ್ತಾರೆ. ಅರವತ್ತು ದಾಟಿದೆ, ಮರ ಹತ್ತುವುದನ್ನು ಬಿಟ್ಟಿದ್ದಾರೆ. ಕೆಳಗೆ ಬಲೆ ಹಿಡಿಯುವವರ ಜೊತೆ ನಿಂತು, ಯಾವ ಕೊನೆ ಹದಕ್ಕೆ ಬಂದಿದೆ ಅಂತ ನೆಲದಿಂದಲೇ ಹೇಳುತ್ತಾರೆ. ನಾನು ಕನ್ನಡಕ ಹಾಕಿ ನೋಡಿದರೂ ನನಗೆ ಅದು ಕಾಣುವುದಿಲ್ಲ. ಅವರು ಮರದಿಂದ ಮರಕ್ಕೆ ಬಾಗಿ ದಾಟುವುದನ್ನು ನಾನು ಚಿಕ್ಕವನಿದ್ದಾಗ ಬಾಯಿ ತೆರೆದು ನೋಡುತ್ತಿದ್ದೆ. ಒಂದು ಸೀಸನ್ನಿನಲ್ಲಿ ಅವರು ಏರಿ ಇಳಿದದ್ದು ಸಾವಿರಾರು ಮರ. ಧೈರ್ಯ ಎಲ್ಲಿಂದ ಬಂತು ಅಂತ ಅವರನ್ನು ಯಾವ ಮದುವೆ ಮನೆಯಲ್ಲೂ ಯಾರೂ ಪಕ್ಕಕ್ಕೆ ಕರೆದು ಕೇಳಿದ್ದನ್ನು ನಾನು ನೋಡಿಲ್ಲ.

ಹೋದ ಸೀಸನ್ನಿನಲ್ಲಿ ನಾನೇ ಕೇಳಿದೆ. ಮೊದಲ ಸಲ ಹತ್ತುವಾಗ ಹೆದರಿಕೆ ಆಗಿರಲಿಲ್ವಾ ಅಂತ.

ಅವರು ಕವಳ ಉಗಿದು ಬಂದರು. "ಆಗಿತ್ತು. ಹನ್ನೆರಡು ವರ್ಷ ನಂಗೆ. ಕೆಳಗೆ ಅಪ್ಪ ನಿಂತಿದ್ದ, ಇಳಿದ್ರೆ ಬಡೀತಿದ್ದ" ಅಂದರು. ನಕ್ಕರು. ಆಮೇಲೆ ನನ್ನ ದೋಟಿಯ ತುದಿ ನೋಡಿ, "ಆ ಮರದ್ದು ಇವತ್ತು ಬೇಡ ಸಣ್ಣ ಭಟ್ರೇ. ಇನ್ನೊಂದು ವಾರ ಬಿಡಿ" ಅಂದರು.

ನಾನು ದೋಟಿ ಇಳಿಸಿ ಪಕ್ಕದ ಮರಕ್ಕೆ ಹೋದೆ.