ಕರೆಂಟ್ ಹೋದ ಚಳಿರಾತ್ರಿ ಈಜುಕೊಳದ ಪಂಪು ಒಡೆಯದಂತೆ ನೋಡಿಕೊಳ್ಳುವುದು

ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಕರೆಂಟ್ ಹೋದರೆ ಎಲ್ಲರಿಗೂ ಮೊದಲು ಚಿಂತೆಯಾಗುವುದು ಕೊಳದ ನೀರಿನದು. ಆ ನೀರಿಗೆ ಅಷ್ಟು ಬೇಗ ಏನೂ ಆಗುವುದಿಲ್ಲ. 50,000 ಲೀಟರ್ ನೀರು 10 ಡಿಗ್ರಿ ಸೆಲ್ಸಿಯಸ್‌ನಿಂದ ಸೊನ್ನೆಗೆ ಇಳಿಯಬೇಕಾದರೆ ಸುಮಾರು 580 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಹೋಗಬೇಕು. ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿದರೂ ಆಳದ ನೀರು ಬಹುಕಾಲ 4 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಅಪಾಯವೆಲ್ಲ ಹೊರಗೆ ಗಾಳಿಗೆ ಮೈಯೊಡ್ಡಿ ಕೂತಿರುವ ಪಂಪು, ಫಿಲ್ಟರ್, ಹೀಟರ್ ಮತ್ತು ನೆಲದ ಮೇಲಿನ ಪೈಪುಗಳಲ್ಲಿ ನಿಂತ ನೀರಿನಿಂದ. ಗಡ್ಡೆಯಾಗುವಾಗ ನೀರು ಶೇ. 9ರಷ್ಟು ಹಿಗ್ಗುತ್ತದೆ. ಮುಚ್ಚಿದ ಪಂಪಿನೊಳಗೆ ಅದಕ್ಕೆ ಜಾಗವಿಲ್ಲ, ಹಾಗಾಗಿ ಪ್ಲಾಸ್ಟಿಕ್ ಸೀಳುತ್ತದೆ.

ತುಂಬ ಚಳಿಯ ಪ್ರದೇಶಗಳಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ಚಳಿಗಾಲಕ್ಕೆ ಮುಂಚೆಯೇ ಪೈಪುಗಳ ನೀರನ್ನು ಗಾಳಿಯಿಂದ ಊದಿ ತೆಗೆದು ಕೊಳ ಮುಚ್ಚಿಬಿಡುತ್ತಾರೆ. ಪೆಟ್ಟು ಬೀಳುವುದು ವರ್ಷವಿಡೀ ಪಂಪು ಓಡಿಸುವ, ಅಪರೂಪಕ್ಕೆ ಹಿಮ ಕಾಣುವ ಕಡೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆದದ್ದು ಅದೇ. ಅಂಥ ಕಡೆ ಎಲ್ಲರೂ ನಂಬಿಕೊಂಡಿರುವುದು ಫ್ರೀಜ್ ಗಾರ್ಡನ್ನು. ಹೊರಗಿನ ತಾಪ 2ರಿಂದ 4 ಡಿಗ್ರಿಗೆ ಇಳಿದರೆ ಅದು ಪಂಪನ್ನು ತಾನೇ ಚಾಲೂ ಮಾಡುತ್ತದೆ, ಹರಿಯುವ ನೀರು ಸುಲಭಕ್ಕೆ ಗಡ್ಡೆಯಾಗುವುದಿಲ್ಲ. ಆದರೆ ಕರೆಂಟೇ ಇಲ್ಲದಾಗ ಗಾರ್ಡ್ ಏನು ಮಾಡೀತು?

ಹಾಗಾಗಿ ಸೂತ್ರ ಸರಳ: ಕರೆಂಟ್ ಇದ್ದರೆ ನೀರು ಹರಿಯುತ್ತಿರಲಿ, ಇಲ್ಲದಿದ್ದರೆ ಯಂತ್ರದೊಳಗೆ ನೀರೇ ಇರಬಾರದು. ಈಗ ಬರುತ್ತದೆ, ಇನ್ನೊಂದು ಗಂಟೆ ನೋಡೋಣ ಎಂದು ಕಾಯುವುದರಲ್ಲೇ ಹೆಚ್ಚಿನ ಪಂಪುಗಳು ಹೋಗುವುದು. ಹೊರಗೆ ಸೊನ್ನೆಗಿಂತ ಕೆಳಗಿದ್ದು ಕರೆಂಟ್ ಯಾವಾಗ ಬರುತ್ತದೆಂದು ಖಾತ್ರಿಯಿಲ್ಲದಿದ್ದರೆ ಬೆಳಕಿರುವಾಗಲೇ ಖಾಲಿ ಮಾಡಲು ಶುರುಮಾಡಿ.

ಮೊದಲ ಕೆಲಸ ಬ್ರೇಕರ್ ಆಫ್ ಮಾಡುವುದು. ಪಂಪು, ಹೀಟರ್, ಟೈಮರ್, ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಕ್ಲೋರಿನೇಟರ್, ಎಲ್ಲವನ್ನೂ. ಇದನ್ನು ಮರೆತರೆ ನಡುರಾತ್ರಿ ಕರೆಂಟ್ ಬಂದಾಗ ಖಾಲಿ ಪಂಪು ತಾನಾಗಿ ತಿರುಗಿ ಶಾಫ್ಟಿನ ಸೀಲನ್ನು ಸುಟ್ಟುಕೊಳ್ಳುತ್ತದೆ. ಹೀಟರಿನ ಗ್ಯಾಸನ್ನೂ ಬಂದ್ ಮಾಡಿ.

ಮುಂದೆ ಪಂಪು ಎಲ್ಲಿದೆ ನೋಡಿ. ಕೊಳದ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪಂಪಿಗೆ ಬರುವ ಮತ್ತು ಕೊಳಕ್ಕೆ ಮರಳುವ ಎರಡೂ ಕಡೆಯ ವಾಲ್ವ್‌ಗಳನ್ನು ಮೊದಲೇ ಮುಚ್ಚಬೇಕು, ಇಲ್ಲವಾದರೆ ಪ್ಲಗ್ ತೆಗೆದೊಡನೆ ಕೊಳದ ನೀರು ಅಂಗಳಕ್ಕೆ ಬರುತ್ತದೆ. ಪಂಪು ಮೇಲಿದ್ದರೆ ಇದು ಬೇಡ. ಮುಚ್ಚಳ ತೆಗೆದರೆ ಪೈಪಿನ ನೀರು ತಾನೇ ಕೊಳಕ್ಕೆ ಇಳಿಯುತ್ತದೆ. ಆಗ ಮೂರು ದಾರಿಯ ವಾಲ್ವ್‌ಗಳ ಹಿಡಿಕೆಯನ್ನು ನಡುವೆ ನಿಲ್ಲಿಸಿ, ಯಾವ ದಾರಿಯೂ ಪೂರ್ತಿ ಮುಚ್ಚಿರಬಾರದು.

ಈಗ ಫಿಲ್ಟರಿನ ತಲೆಯ ಮೇಲಿನ ಗಾಳಿ ಬಿಡುವ ವಾಲ್ವ್ ತೆರೆಯಿರಿ. ಗಾಳಿ ಒಳಹೋಗದೆ ನೀರು ಇಳಿಯುವುದಿಲ್ಲ. ಪಂಪಿನ ಬುಟ್ಟಿಯ ಮುಚ್ಚಳ ತೆಗೆದು ತಳದ ಡ್ರೇನ್ ಪ್ಲಗ್‌ಗಳನ್ನು ಬಿಚ್ಚಿ. ಸಾಮಾನ್ಯವಾಗಿ ಎರಡಿರುತ್ತವೆ: ಬುಟ್ಟಿಯ ಕೋಣೆಗೊಂದು, ನೀರು ತಳ್ಳುವ ಚಕ್ರ (ಇಂಪೆಲ್ಲರ್) ಇರುವ ಕಡೆಗೊಂದು. ಒಂದನ್ನೇ ತೆಗೆದು ಮುಗಿಯಿತೆಂದು ಒಳಗೆ ಹೋಗುವವರು ಬಹಳ ಜನ. ಆಮೇಲೆ ಫಿಲ್ಟರಿನ ತಳದ ಪ್ಲಗ್, ಕ್ಲೋರಿನೇಟರ್, ಕೊಳ ಗುಡಿಸುವ ಕ್ಲೀನರಿನ ಬೂಸ್ಟರ್ ಪಂಪು ಇದ್ದರೆ ಅದೂ. ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ಇದ್ದರೆ ಹಿಡಿಕೆಯನ್ನು ಒತ್ತಿ ಎರಡು ಗುರುತುಗಳ ನಡುವೆ ಬಿಡಿ.

ಹೀಟರಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಇದ್ದುದರಲ್ಲಿ ದುಬಾರಿ ಭಾಗ ಅದೇ. ಒಳಗಿನ ತಾಮ್ರದ ಕೊಳವೆಗಳು ಸೀಳಿದರೆ ರಿಪೇರಿಗಿಂತ ಹೊಸದೇ ವಾಸಿ ಎನ್ನುವಂತಾಗುತ್ತದೆ. ಅದರ ಎಲ್ಲ ಡ್ರೇನ್ ಪ್ಲಗ್‌ಗಳನ್ನೂ ತೆಗೆಯಿರಿ. ಪ್ರೆಶರ್ ಸ್ವಿಚ್ಚಿಗೆ ಹೋಗುವ ಸಣ್ಣ ತಾಮ್ರದ ನಳಿಗೆಯಲ್ಲೂ ನೀರು ನಿಂತಿರುತ್ತದೆ, ಅದನ್ನು ಸಡಿಲಿಸಿ. ಹೀಟರಿನ ಆಚೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇದ್ದರೆ ಅದರ ಹಿಂದೆಯೂ ನೀರು ಸಿಕ್ಕಿಕೊಂಡಿರುತ್ತದೆ.

ತೆಗೆದ ಪ್ಲಗ್‌ಗಳನ್ನೆಲ್ಲ ಪಂಪಿನ ಬುಟ್ಟಿಯಲ್ಲೇ ಹಾಕಿಡಿ, ಕರೆಂಟ್ ಬಂದಾಗ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ. ವಾಲ್ವಿನಾಚೆ ನೆಲದಿಂದ ಎದ್ದು ನಿಂತ ಪೈಪಿನ ತುಂಡಿನಲ್ಲಿ ಇನ್ನೂ ನೀರಿರುತ್ತದೆ. ಅದಕ್ಕೆ ಫೋಮ್ ಅಥವಾ ಹಳೆ ಟವೆಲ್ ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿ, ಒದ್ದೆಯಾದ ಬಟ್ಟೆ ಚಳಿ ತಡೆಯುವುದಿಲ್ಲ. ಒಂದು ಲೀಟರಿನ ಖಾಲಿ ಬಾಟಲಿಗೆ ಸ್ವಲ್ಪ ಜಲ್ಲಿ ಹಾಕಿ, ಮುಚ್ಚಳ ಬಿಗಿದು ಸ್ಕಿಮ್ಮರಿನಲ್ಲಿ (ಕೊಳದ ಅಂಚಿನಲ್ಲಿ ತೇಲುವ ಕಸ ಹಿಡಿಯುವ ಪೆಟ್ಟಿಗೆಯಲ್ಲಿ) ನಿಲ್ಲಿಸಿ. ಗಡ್ಡೆ ಹಿಗ್ಗಿದಾಗ ಬಾಟಲಿ ಜಜ್ಜಿಹೋಗುತ್ತದೆ, ಸ್ಕಿಮ್ಮರ್ ಉಳಿಯುತ್ತದೆ.

ಉಪ್ಪುನೀರಿನ ಕೊಳ ಹೆಪ್ಪುಗಟ್ಟದು ಎಂಬ ಮಾತನ್ನು ನಂಬಬೇಡಿ. ಲೀಟರಿಗೆ 3 ಗ್ರಾಂ ಉಪ್ಪಿನಿಂದ ಹೆಪ್ಪುಗಟ್ಟುವ ತಾಪ ಇಳಿಯುವುದು 0.2 ಡಿಗ್ರಿಯಷ್ಟೇ. ಕಾರಿನ ಆಂಟಿಫ್ರೀಜ್ ವಿಷ, ಅದನ್ನು ಸುರಿಯಲೇಬೇಡಿ. ಮೇಲಿನ ಗಡ್ಡೆಯನ್ನು ಸುತ್ತಿಗೆಯಿಂದ ಹೊಡೆಯಬೇಡಿ, ಪೆಟ್ಟು ಗೋಡೆಗೆ ತಾಗುತ್ತದೆ. ಕೊಳವನ್ನೇ ಖಾಲಿ ಮಾಡುವ ಯೋಚನೆಯಂತೂ ಬೇಡ: ನೆಲದೊಳಗಿನ ನೀರಿನ ಒತ್ತಡಕ್ಕೆ ಖಾಲಿ ತೊಟ್ಟಿಯೇ ಮೇಲೇಳಬಹುದು.

ಜನರೇಟರ್ ಇದ್ದರೆ ಪಂಪಿನ ಫಲಕ ಓದಿ. 230 ವೋಲ್ಟಿನ ಪಂಪು 115 ವೋಲ್ಟಿನ ಸಣ್ಣ ಜನರೇಟರಿನಲ್ಲಿ ಓಡದು. ಸಾಮಾನ್ಯ ಮೋಟರ್ ಎದ್ದೇಳುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ವೇಗ ಬದಲಿಸಬಹುದಾದ ಪಂಪಿಗೆ ಈ ತೊಂದರೆ ಕಡಿಮೆ, ನಿಧಾನ ವೇಗದಲ್ಲಿ ಕೆಲವು ನೂರು ವ್ಯಾಟ್ ಸಾಕು. ಜನರೇಟರ್ ಬಯಲಲ್ಲಿ, ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿರಲಿ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಕರೆಂಟ್ ಬಂದೊಡನೆ ಗುಂಡಿ ಒತ್ತಬೇಡಿ. ಒಳಗೆ ಗಡ್ಡೆಯಿದ್ದರೆ ಅದು ತಾನಾಗಿ ಕರಗಲಿ, ಅಥವಾ ಉಗುರುಬೆಚ್ಚಗಿನ ನೀರು ಹಾಕಿ. ಕುದಿನೀರೂ ಬೆಂಕಿಯೂ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತವೆ. ಬಿರುಕು ಹುಡುಕಿ, ರಬ್ಬರ್ ಬಳೆಗಳಾದ ಓ-ರಿಂಗ್‌ಗಳಿಗೆ ಸಿಲಿಕಾನ್ ಗ್ರೀಸ್ ಹಚ್ಚಿ, ಪ್ಲಗ್‌ಗಳನ್ನು ಕೈಯಲ್ಲೇ ಬಿಗಿಮಾಡಿ. ವಾಲ್ವ್‌ಗಳನ್ನೂ ಮಲ್ಟಿಪೋರ್ಟ್ ಹಿಡಿಕೆಯನ್ನೂ ಹಿಂದಿನ ಜಾಗಕ್ಕೆ ತಂದು, ಬುಟ್ಟಿಗೆ ನೀರು ತುಂಬಿಸಿ ಪಂಪು ಚಾಲೂ ಮಾಡಿ. ಫಿಲ್ಟರಿನ ಮೇಲಿನ ವಾಲ್ವಿನಿಂದ ಗಾಳಿಯಿಲ್ಲದೆ ನೀರು ಚಿಮ್ಮಿದ ಮೇಲೆ ಅದನ್ನು ಮುಚ್ಚಿ. ಹತ್ತು ನಿಮಿಷ ಓಡಿಸಿ, ಎಲ್ಲಿಯೂ ತೊಟ್ಟಿಕ್ಕದಿದ್ದರೆ ಗ್ಯಾಸ್ ತೆರೆದು ಹೀಟರ್ ಹಚ್ಚಿ.